ಎಲ್ಲ ಬ್ಯಾಚಿನಲ್ಲೂ ಇದ್ದವನು

ಮೂರನೆಯ ಸಾಲಿನ ತುದಿಯಲ್ಲಿ ಕುಳಿತಿದ್ದ ಮನುಷ್ಯ ಯಾರೆಂದು ಒಬ್ಬರಿಗೂ ತಿಳಿಯಲಿಲ್ಲ.

ಅಂದು ವೈದ್ಯಕೀಯ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ತಲೆ ನರೆತ ಡಾಕ್ಟರುಗಳು ಅಡ್ಡಹೆಸರು ಹಿಡಿದು ಕೂಗಿ, ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಳ್ಳುತ್ತಿದ್ದರು. ಈತನ ಬೆನ್ನಿಗೆ ಯಾರೂ ಗುದ್ದಲಿಲ್ಲ. ಪ್ರತಿ ಬ್ಯಾಚಿನವರೂ ಈತ ಬೇರೆ ಬ್ಯಾಚಿನವನಿರಬೇಕು ಎಂದುಕೊಂಡು ಸುಮ್ಮನಾದರು. ಒಗೆದು ಒಗೆದು ತೆಳ್ಳಗಾದ ಅಂಗಿ. ಮೇಲಿನ ಗುಂಡಿಗಳನ್ನು ಹಾಕಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ಎಷ್ಟೋ ಹೊತ್ತಾದರೂ ಏದುಸಿರು ನಿಂತಿರಲಿಲ್ಲ.

ಸಂಘದ ಕಾರ್ಯದರ್ಶಿ ಮಕ್ಕಳ ಡಾಕ್ಟರಮ್ಮ. ಆಕೆಗೆ ತಲೆ ತುರಿಸಿಕೊಳ್ಳಲೂ ಬಿಡುವಿರಲಿಲ್ಲ. ಹಳೆಯ ಪ್ರಯೋಗಶಾಲೆಯನ್ನು ನೆನಪಿನ ಕೋಣೆ ಮಾಡಿದ್ದರು. ಕಾಲೇಜಿನ ಮೊದಲ ಮೈಕ್ರೋಸ್ಕೋಪು, ಹಳದಿಯಾದ ಫೋಟೋಗಳು, ಹೃದಯದ ಪಾಠ ಹೇಳುತ್ತಿದ್ದ ಮುದಿ ಮೇಷ್ಟ್ರ ಸ್ಟೆತಾಸ್ಕೋಪು, ಎಲ್ಲವೂ ಗಾಜಿನೊಳಗೆ ಕುಳಿತಿದ್ದವು. ಹಿರಿಯರ ದನಿಯನ್ನು ರೆಕಾರ್ಡು ಮಾಡಿ ಇಡಬೇಕೆಂಬುದೂ ಆಕೆಯದೇ ಯೋಚನೆ. ಮನುಷ್ಯ ಹೋದ ಮೇಲೆ ದನಿಯನ್ನು ಎಲ್ಲಿಂದ ತರುವುದು?

ಮೂರನೆಯ ಸಾಲಿನ ಮನುಷ್ಯ ಎದ್ದು ನೇರ ಆಕೆಯ ಬಳಿಗೇ ಬಂದ.

"ಡಾಕ್ಟರಮ್ಮ, ನಂದೂ ಒಂದು ಹಿಡಿದಿಟ್ಕೋತೀರಾ? ಇನ್ನು ಹೆಚ್ಚು ದಿನ ಉಳಿಯೋದಿಲ್ಲ. ಅದಕ್ಕೇ ಬಂದೆ."

"ನೀವು ಯಾವ ಬ್ಯಾಚು?"

"ಎಲ್ಲ ಬ್ಯಾಚಲ್ಲೂ ಇದ್ದೆ."

ಪಕ್ಕದಲ್ಲಿದ್ದ ಮೂಳೆ ಡಾಕ್ಟರು ನಕ್ಕರು. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಾರದ ಅವರಿಗೆ ಗೆಳೆಯರು ಇಟ್ಟ ಹೆಸರು ಗಡಿಯಾರ. "ಅಂದ್ರೆ ವರ್ಷಾ ವರ್ಷಾ ಡುಮ್ಕಿ ಹೊಡೀತಿದ್ರಿ ಅನ್ನಿ."

"ಪರೀಕ್ಷೆಗೆ ವರ್ಷಾ ವರ್ಷಾ ಬರ್ತಿದ್ದೆ ಸಾರ್. ನಾನು ಪಾಸಾಗಿಲ್ಲ. ಬೇರೆಯವರನ್ನ ಪಾಸು ಮಾಡಿಸ್ತಿದ್ದೆ."

ನಗು ಅಲ್ಲಿಗೇ ನಿಂತಿತು. ಅವರ ಕಾಲದಲ್ಲಿ ಒಮ್ಮೆ ಪ್ರಶ್ನೆಪತ್ರಿಕೆ ಹೊರಗೆ ಹೋಗಿತ್ತು. ಯಾರ ಕೈವಾಡವೆಂದು ಕೊನೆಗೂ ಗೊತ್ತಾಗಿರಲಿಲ್ಲ. ಗಡಿಯಾರ ಆಕೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಯಾವನೋ ಹಳೆಯ ಗುಮಾಸ್ತನಿರಬೇಕು, ಪತ್ರಿಕೆಯವರು ಬರುವ ಮೊದಲೇ ಮೆಲ್ಲಗೆ ಸಾಗಹಾಕುವುದು ವಾಸಿ, ಎಂದು.

ಆಕೆ ಆತನ ಮೊಣಕೈ ಹಿಡಿದು ಬಾಗಿಲ ಕಡೆ ತಿರುಗಿಸಿದಳು. ಆತ ಅವಳ ಬೆರಳುಗಳನ್ನೇ ನೋಡಿದ.

"ನಿಮ್ಮ ಕೈ ಆಗಲೂ ಹೀಗೇ ತಣ್ಣಗಿತ್ತು."

ಬಿಸಿ ಪಾತ್ರೆ ಮುಟ್ಟಿದವಳಂತೆ ಆಕೆ ಕೈ ಎಳೆದುಕೊಂಡಳು. ಗಂಡ ಅಲ್ಲೇ ಎದುರಿಗೆ ಕುಳಿತಿದ್ದ. ಬಂದವನು ಅದನ್ನು ಗಮನಿಸದೆ, ಈ ಸಾರ್ ಕೈ ಮಾತ್ರ ಬೆವರಿ ಒದ್ದೆಯಾಗಿರುತ್ತಿತ್ತು ಎಂದ. ಗಡಿಯಾರ ತಮ್ಮ ಅಂಗೈ ನೋಡಿಕೊಂಡರು.

ಆಕೆ ದನಿ ಬಿಗಿ ಮಾಡಿದಳು. ಇಲ್ಲಿ ಕಾಲೇಜಿಗೆ ದುಡಿದವರ ಮಾತು ಮಾತ್ರ ಇಡುವುದು, ನೀವು ಏನು ಮಾತಾಡುವವರು ಎಂದು ಕೇಳಿದಳು.

"ನಂಗೆ ಮಾತು ಬರಲ್ಲಮ್ಮ. ನಾನು ಸುಮ್ಮನಿದ್ರೇನೇ ಚೆನ್ನಾಗಿ ಕೇಳ್ಸೋದು."

ತಲೆ ಕೆಟ್ಟವನು ಎಂದು ಯಾರೋ ಅಂದರು. ಕಾವಲಿನವನನ್ನು ಕರೆಯಲು ಇನ್ಯಾರೋ ಹೋದರು.

ಅಷ್ಟರಲ್ಲಿ ಮುದಿ ಮೇಷ್ಟ್ರು ಬಂದರು. ಕಣ್ಣು ಪೂರ್ತಿ ಹೋಗಿತ್ತು. ಹಳೆಯ ಶಿಷ್ಯನೊಬ್ಬನ ತೋಳು ಹಿಡಿದಿದ್ದರು. ಜನರೆಲ್ಲ ಎದ್ದು ನಿಂತರು. ಮೇಷ್ಟ್ರು ಯಾರ ನಮಸ್ಕಾರಕ್ಕೂ ನಿಲ್ಲಲಿಲ್ಲ. ಏದುಸಿರು ಕೇಳಿದ ಕಡೆಗೆ ಮುಖ ತಿರುಗಿಸಿದರು.

"ನೀನಾ?"

"ಹೌದು ಸಾರ್. ನಾನೇ."

ಕಾರ್ಯದರ್ಶಿ ಇಬ್ಬರ ಮುಖವನ್ನೂ ನೋಡಿದಳು. ಮೇಷ್ಟ್ರಿಗೂ ಈ ಮನುಷ್ಯನಿಗೂ ಏನು ಗುಟ್ಟು?

ಮೇಷ್ಟ್ರು ಗಾಜು ತೆಗೆಸಿ ತಮ್ಮ ಸ್ಟೆತಾಸ್ಕೋಪು ಕೇಳಿದರು. ಅದರ ರಬ್ಬರು ಸೀಳಿಹೋಗಿತ್ತು. ಆಕೆ ತನ್ನದನ್ನು ಕೊಟ್ಟಳು. ಯಾರೂ ಹೇಳುವ ಮೊದಲೇ ಆತ ಕುರ್ಚಿಯಲ್ಲಿ ಕುಳಿತು, ಅಂಗಿ ಸರಿಸಿ, ಎಡಕ್ಕೆ ವಾಲಿ, ಉಸಿರು ಬಿಟ್ಟು ಹಿಡಿದ.

ಮೇಷ್ಟ್ರು ಬಹಳ ಹೊತ್ತು ಆಲಿಸಿದರು. ಆಮೇಲೆ ಸ್ಟೆತಾಸ್ಕೋಪನ್ನು ಕಾರ್ಯದರ್ಶಿಗೆ ಕೊಟ್ಟರು.

ಆಕೆ ಕಿವಿಗಿಟ್ಟಳು. ಕದ ಬಡಿದಂತೆ ಒಂದು ಸದ್ದು. ಹಿಂದೆಯೇ ಚಿಲಕ ಬಿದ್ದಂತೆ ಇನ್ನೊಂದು. ಆಮೇಲೆ ದೂರದಲ್ಲೆಲ್ಲೋ ಗಾಡಿ ಉರುಳಿದ ಗುಡುಗುಡು. ಆಕೆ ಕಣ್ಣು ಮುಚ್ಚಿದಳು. ಕೊನೆಯ ಪರೀಕ್ಷೆಯ ದಿನ, ಪರದೆಯೊಳಗಿನ ಮಂಚದ ಮೇಲೆ ಪರೀಕ್ಷೆಗೆಂದೇ ಮಲಗಿಸಿದ್ದ ರೋಗಿ, ಏನೂ ಕೇಳಿಸದೆ ನಿಂತಿದ್ದ ಹುಡುಗಿ, ದಿಂಬಿನಿಂದ ಬಂದ ಪಿಸುಮಾತು: "ಎಡಕ್ಕೆ ಹೊರಳ್ಲಾ ಡಾಕ್ಟರಮ್ಮ? ಆಗ ಕೇಳ್ಸತ್ತೆ." ಅಂದು ಆ ಮುಖವನ್ನು ಆಕೆ ನೋಡಿಯೇ ಇರಲಿಲ್ಲ. ಎದೆಯನ್ನಷ್ಟೇ ನೋಡಿದ್ದಳು.

ಆಮೇಲೆ ಗಡಿಯಾರ ಆಲಿಸಿದರು. ಅವರ ಹಿಂದೆ ಒಬ್ಬೊಬ್ಬರೇ ಸಾಲು ಹಿಡಿದರು. ಮುಖದ ಗುರುತಿಲ್ಲದವರಿಗೆಲ್ಲ ಸದ್ದಿನ ಗುರುತು ಸಿಕ್ಕಿತು. ಕವಾಟ ಕಿರಿದಾದ ಹೃದಯ ಹೇಗೆ ಬಡಿಯುತ್ತದೆಂದು ಅವರೆಲ್ಲ ಕಲಿತದ್ದು ಈ ಎದೆಯ ಮೇಲೆಯೇ. ಕೆಲವರು ಕಣ್ಣೊರೆಸಿಕೊಂಡರು. ನಮಗೆಲ್ಲ ನಿಜವಾದ ಮೇಷ್ಟ್ರು ಇವರೇ ಎಂದು ಗಡಿಯಾರ ಗಟ್ಟಿಯಾಗಿ ಹೇಳಿದಾಗ ಚಪ್ಪಾಳೆ ಬಿತ್ತು. ಮೈಕನ್ನು ತಂದು ಎದೆಗಿಟ್ಟು, ಆ ಸದ್ದನ್ನು ನೆನಪಿನ ಕೋಣೆಗೆ ಹಿಡಿದುಕೊಂಡರು. ಆತನ ಮುಖದಲ್ಲಿ ಮಗುವಿನಂಥ ನಗು ಇತ್ತು.

ಮೇಷ್ಟ್ರು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಕಾರ್ಯದರ್ಶಿ ಆತನ ಪಕ್ಕದಲ್ಲಿ ಕುಳಿತು, ತನ್ನ ತಣ್ಣನೆಯ ಕೈಯಲ್ಲಿ ಆತನ ಕೈ ಹಿಡಿದು, ಅಕ್ಕರೆಯಿಂದಲೇ ಗದರಿದಳು. "ಆಗಲೇ ಆಪರೇಷನ್ ಮಾಡಿಸ್ಕೊಂಡಿದ್ರೆ ಗುಣವಾಗ್ತಿತ್ತಲ್ಲ. ಯಾಕೆ ಹೀಗೇ ಬಿಟ್ರಿ?"

ಆತ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಹೇಳಿದ:

"ವರ್ಷಾ ವರ್ಷಾ ಕೇಳ್ದೆನಮ್ಮ. ರಿಪೇರಿ ಮಾಡಿದ್ರೆ ಸದ್ದು ಹೋಗ್ಬಿಡತ್ತೆ, ಇದೊಂದು ಪರೀಕ್ಷೆ ಮುಗೀಲಿ ಅಂತಿದ್ರು ಮೇಷ್ಟ್ರು."