ಗೋಡೆಯ ಮೇಲಿನ ಸಿಪಾಯಿ

“ಇದು ಒಂದು ಅಂಗಿ ಅಲ್ಲ ಕಣ್ಲಾ, ಮೂರು” ಎಂದು ಮುನಿಗಂಗಮ್ಮ ಚಿತ್ರದ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದಳು.

ಮಗ ಚಿನ್ನಸ್ವಾಮಿ ಗ್ರೀಸಿನಿಂದ ರಜೆಯ ಮೇಲೆ ಸೂಲಿಬೆಲೆಗೆ ಬರುವಾಗ ತಂದದ್ದು ಅದು. ಅಲ್ಲಿಯ ಯಾವುದೋ ಚರ್ಚಿನ ಗೋಡೆಯ ಮೇಲೆ ಬರೆದಿದ್ದ, ಸಾವಿರ ವರ್ಷದ ಹಿಂದಿನ ಕಾನ್‌ಸ್ಟಾಂಟಿನೋಪಲ್ಲಿನ ದೊರೆಗಳ ಕಾಲದ ಸಿಪಾಯಿ. ನಾಳೆ ಬೆಳಿಗ್ಗೆ ಚಿನ್ನಸ್ವಾಮಿ ಮತ್ತೆ ಯುದ್ಧಕ್ಕೆ ಹೊರಡಬೇಕು, ಈ ಸಲ ಜಪಾನಿನವರ ಮೇಲೆ, ಬರ್ಮಾಕ್ಕೆ. ಊಟ ಬಿಟ್ಟು ಕೂತಿದ್ದ ತಾಯಿ ಈ ಚಿತ್ರ ನೋಡಿದ ಮೇಲೆ ಗೆಲುವಾಗಿದ್ದಳು. ಅಷ್ಟು ಹಿಂದಿನ ಕಾಲದಲ್ಲೇ ಸಿಪಾಯಿಗೆ ಇಷ್ಟು ಹೊದಿಸಿ ಕಳಿಸುತ್ತಿದ್ದರೆ, ಈಗಿನ ಸರ್ಕಾರ ಇನ್ನೆಷ್ಟು ಕೊಡಬೇಡ? ಅದೆಲ್ಲ ಕ್ಯಾಂಪಿನಲ್ಲಿ ಇರುತ್ತದೆ ಎಂದು ತಾನೇ ತೀರ್ಮಾನಿಸಿದ್ದಳು.

ಮೂರು ಅಂಗಿ ಎಂಬುದನ್ನು ಚಿನ್ನಸ್ವಾಮಿ ಒಪ್ಪಲಿಲ್ಲ. ಬರೆದವನು ಅಂದಕ್ಕೆಂದು ಗೆರೆ ಎಳೆದಿದ್ದಾನೆ, ಅಷ್ಟನ್ನೂ ಹೇರಿಕೊಂಡರೆ ಕೈ ಎತ್ತಲೂ ಆಗುವುದಿಲ್ಲ ಎಂದ.

ತಾಯಿ ಬೆರಳಿಟ್ಟು ತೋರಿಸಿದಳು. ಎದೆಯ ಮೇಲೆ ಮೀನಿನ ಹುರುಪೆಯಂಥ ತಗಡು. ಭುಜದ ಹತ್ತಿರ ಅದರ ಅಂಚು ಮುಗಿದು, ಒಳಗಿನಿಂದ ತೊಗಲಿನ ಪಟ್ಟಿಗಳು ಇಳಿದಿವೆ. ಅದಕ್ಕೂ ಒಳಗೆ, ತೊಡೆಯ ಮೇಲೆ, ಹೊಲಿಗೆ ಹೊಲಿಗೆಯ ನಡುವೆ ಬಟ್ಟೆ ಉಬ್ಬಿಕೊಂಡಿದೆ.

“ಅಂದಕ್ಕೆ ಬರ್ಯೋನು ಉಬ್ಬು ಯಾಕ್ಲಾ ಬರೀತಾನೆ? ಇದು ಕೌದಿ. ಒಳಗೆ ಹತ್ತಿ ತುಂಬವ್ರೆ.”

ಅಷ್ಟಕ್ಕೇ ಬಿಡದೆ ಅವಳು ಮನೆಯ ಕೌದಿಯನ್ನೇ ತಂದು ಅವನ ಮೈಗೆ ಸುತ್ತಿದಳು. ಅದರ ಮೇಲೆ ಕಪಿಲೆ ಬಾವಿಯಲ್ಲಿ ನೀರೆತ್ತುತ್ತಿದ್ದ ಹಳೇ ತೊಗಲು, ಅದರ ಮೇಲೆ ಬಿಚ್ಚಿ ಹರವಿದ ಸೀಮೆಣ್ಣೆ ಡಬ್ಬದ ತಗಡು. ಹಗ್ಗ ಹಾಕಿ ಬಿಗಿದು, ಕೈಗೆ ಕೋಲು ಕೊಟ್ಟು ಬೀಸು ಎಂದಳು. ಅವನು ಬೀಸಿದ. ಕೈ ಎದ್ದಿತು, ಸೊಂಟವೂ ತಿರುಗಿತು. ಆಮೇಲೆ ಅವಳು ಒನಕೆ ಎತ್ತಿ ಅವನ ಎದೆಗೇ ಒಂದು ಗುದ್ದು ಕೊಟ್ಟಳು.

“ನೋವಾಯ್ತಾ?”

“ಇಲ್ಲ ಕಣವ್ವಾ. ನೀನೇ ಗೆದ್ದೆ” ಎಂದು ಅವನು ನಕ್ಕ.

ಹೆಂಡತಿ ಬೈರಮ್ಮ ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅತ್ತೆಯ ಮುಂದೆ ಗಂಡನನ್ನು ಎಂದೂ ಮಾತಾಡಿಸಿದವಳಲ್ಲ. ಈಗ ಕೇಳಿದಳು: “ನಿಮ್ಗೆ ಎಷ್ಟು ಪದರ ಕೊಟ್ಟವ್ರೆ?”

ಚಿನ್ನಸ್ವಾಮಿ ಹಗ್ಗ ಬಿಚ್ಚತೊಡಗಿದ. ತಗಡು ಬಿತ್ತು, ತೊಗಲು ಬಿತ್ತು, ಕೌದಿ ಜಾರಿತು. ಒಳಗೆ ಸರ್ಕಾರ ಕೊಟ್ಟ ಒಂದೇ ಒಂದು ಖಾಕಿ ಅಂಗಿ ಇತ್ತು. ಬೆವರಿಗೆ ಮೈಗಂಟಿದ ಆ ಬಟ್ಟೆಯಲ್ಲಿ ಅವನ ಎದೆ ಬಡಿದುಕೊಳ್ಳುವುದು ಹೊರಗೇ ಕಾಣುತ್ತಿತ್ತು.