ಅಗಲಿಸಿ ಹಿಡಿದ ಕೋಟು

ಮುದುಕ ವಿಲ್ಫ್ ತನ್ನ ಆರೈಕೆಗೆ ಬರುವ ಜಾನೀನಳ ಕೋಟನ್ನು ಗೂಟದಿಂದ ತೆಗೆದು, ಅವಳು ತೋಳು ತೂರಿಸಲೆಂದು ಅಗಲಿಸಿ ಹಿಡಿದು ನಿಂತಿದ್ದ. ಅವಳು ಕುರ್ಚಿ ಬಿಟ್ಟು ಕದಲಲಿಲ್ಲ.

ಮಾತ್ರೆ ನುಂಗಿಸಿದ್ದಾಗಿತ್ತು, ಕಾಲಿಗೆ ಮುಲಾಮು ಹಚ್ಚಿದ್ದೂ ಆಗಿತ್ತು. ಆರೈಕೆಗೆ ಬಂದವರು ಹದಿನೈದು ನಿಮಿಷಕ್ಕೆ ಒಂದು ಮನೆ ಮುಗಿಸಬೇಕೆಂಬುದು ಪುರಸಭೆಯ ಕಟ್ಟಪ್ಪಣೆ. ತನ್ನಿಂದಾಗಿ ಅವಳು ಬೈಸಿಕೊಳ್ಳಬಾರದೆಂದು, ಆರು ವರ್ಷದಿಂದ ವಿಲ್ಫನೇ ಗಡಿಯಾರ ನೋಡಿ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಹೀಗೆ ಕೋಟು ಹಿಡಿಯುತ್ತಿದ್ದ.

"ಏನಮ್ಮಾ, ಹೊರಡೋ ಯೋಚನೆ ಇಲ್ವಾ? ನಿಮ್ಮ ಸಾಹೇಬ್ರು ಸುಮ್ನಿರ್ತಾರಾ?"

"ಸಾಹೇಬ್ರ ಕಾಲ ಮುಗೀತು ವಿಲ್ಫ್. ಪುರಸಭೆಯವರು ಈ ಕೆಲಸಾನ ನಮ್ಮ ಕೈಗೇ ಒಪ್ಪಿಸಿದ್ದಾರೆ. ಮನೆಮನೆ ಸುತ್ತೋ ನಾವು ನಲವತ್ತು ಜನಾನೇ ಈಗ ಯಜಮಾನ್ರು. ಇನ್ಮೇಲೆ ಮನೆಗೆ ಅರ್ಧ ಗಂಟೆ ಅಂತ ಮಂಗಳವಾರ ಎಲ್ರೂ ಕೈ ಎತ್ತಿದ್ವಿ. ನಾನಂತೂ ಎರಡೂ ಕೈ ಎತ್ತಿಬಿಟ್ಟೆ!"

"ಎರಡು ಎತ್ತಿದ್ರೂ ಒಂದೇ ಓಟು ಕಣಮ್ಮಾ," ಎಂದ ವಿಲ್ಫ್. ಆದರೆ ಅವನ ಮನಸ್ಸು ಎಲ್ಲೋ ಇತ್ತು. ಸ್ವಲ್ಪ ಹೊತ್ತು ಕೈಯಲ್ಲಿದ್ದ ಕೋಟನ್ನೇ ನೋಡಿದ. ಆಮೇಲೆ ಅದನ್ನು ತಿರುಗಿ ಗೂಟಕ್ಕೆ ಸಿಕ್ಕಿಸಿ, ಕುರ್ಚಿಯೊಂದನ್ನು ಅವಳೆದುರಿಗೆ ಎಳೆದುಕೊಂಡು ಕೂತ.

"ನನ್ನ ಹೆಂಡ್ತಿ ಐರೀನ್ ಮೊದಲನೇ ಸಲ ಸಿಕ್ಕಿದ ಕಥೆ... ಎಲ್ಲಿಗೆ ನಿಲ್ಲಿಸಿದ್ದೆ?"

"ಬ್ಲ್ಯಾಕ್‌ಪೂಲ್ ಬಸ್ಸು ತಪ್ಪಿಹೋಗಿ ಮಳೇಲಿ ನಿಂತಿದ್ರು. ಮೂರು ವರ್ಷದಿಂದ ಅಲ್ಲೇ ನೆನೀತಾ ನಿಂತಿದ್ದಾರೆ, ಪಾಪ."

ವಿಲ್ಫ್ ಗಂಟಲು ಸರಿಮಾಡಿಕೊಂಡ.

"ಆಗ ನಾನು ಹೋಗಿ ಕೊಡೆ ಬಿಚ್ಚಿದೆ."