ಹಿತ್ತಲಿನ ಬಿಸಿನೀರು

“ಮೊದಲು ನೀವು ತಿನ್ನಿ ತನುಜಮ್ಮ. ಆಮೇಲೆ ನಾವು.”

ಸಣ್ಣಮ್ಮ ಬೇಯಿಸಿದ ಮೊಟ್ಟೆಯೊಂದನ್ನು ಪಾತ್ರೆಯಿಂದ ಎತ್ತಿ ಮುಂದೆ ಹಿಡಿದಳು. ಭದ್ರಾವತಿಯ ಕಾರ್ಖಾನೆ ಗೇಟಿನ ಎದುರು ಇಪ್ಪತ್ತು ವರ್ಷದಿಂದ ಮೆಸ್ ನಡೆಸುತ್ತಿದ್ದವಳು. ತನುಜಾಳ ಕೋಳಿ ಶೆಡ್ಡಿನಿಂದ ದಿನಕ್ಕೆ ಹತ್ತು ಟ್ರೇ ಮೊಟ್ಟೆ ಅವಳಿಗೇ ಹೋಗುತ್ತಿತ್ತು. ಮಹಾರಾಷ್ಟ್ರದಲ್ಲಿ ಹಕ್ಕಿಜ್ವರ ಎಂದು ಟಿವಿಯಲ್ಲಿ ಬಂದದ್ದೇ ತಡ, ಐದು ದಿನದಿಂದ ಒಂದನ್ನೂ ಮುಟ್ಟಿರಲಿಲ್ಲ. ಪೇಪರಿನಲ್ಲಿ ಮೊಟ್ಟೆಯ ದರ ದಿನಾ ಇಳಿಯುತ್ತಿತ್ತು. ಇಳಿದ ದರಕ್ಕೂ ಕೇಳುವವರಿರಲಿಲ್ಲ.

ಹೊಳೆಹೊನ್ನೂರು ರಸ್ತೆಯ ಶೆಡ್ಡಿನಲ್ಲಿದ್ದ ನಾಲ್ಕು ಸಾವಿರ ಕೋಳಿಗಳಿಗೆ ಮಾತ್ರ ಈ ಸುದ್ದಿ ಗೊತ್ತಿರಲಿಲ್ಲ. ಅವು ಎಂದಿನಂತೆ ಇಡುತ್ತಲೇ ಇದ್ದವು. ಬೆಳಿಗ್ಗೆ ಗಂಡ ವೀರೇಂದ್ರ ಶೆಡ್ಡಿನ ಹಿಂದೆ ಗುಂಡಿ ತೋಡಿಸುತ್ತಿದ್ದ. “ಇವತ್ತೂ ಮಾಲು ಹೋಗ್ಲಿಲ್ಲ ಅಂದ್ರೆ ಮೊಟ್ಟೆ ಗುಂಡಿಗೆ. ಫೀಡು ಭಾನುವಾರದ ತನಕ ಇದೆ. ಆಮೇಲೆ ಕೋಳೀನೂ ಗುಂಡಿಗೇ” ಎಂದಿದ್ದ, ಅವಳ ಮುಖ ನೋಡದೆ. ತನುಜಾ ಶೆಡ್ಡಿನ ಕೆಲಸದ ಜಯಾಳ ಒಲೆಯಲ್ಲಿ ಐವತ್ತು ಮೊಟ್ಟೆ ಬೇಯಿಸಿಕೊಂಡು, ಪಾಳಿ ಬಿಡುವ ಹೊತ್ತಿಗೆ ಇಲ್ಲಿ ಬಂದು ನಿಂತಿದ್ದಳು. ಪುಕ್ಕಟೆ ಎಂದು ಕೂಗಿದ್ದಳು. “ಪುಕ್ಕಟೆಯಾದ್ರೂ ಬೇಡ ಮಾರಾಯ್ತಿ, ಮನೇಲಿ ಮಕ್ಕಳಿದಾರೆ” ಎಂದು ಒಬ್ಬ ಸೈಕಲ್ ಇಳಿಯದೆಯೇ ಹೇಳಿದ್ದ. ಹೋಗಿರಲೂ ಇಲ್ಲ, ಒಂದು ಕಾಲು ಊರಿ ನೋಡುತ್ತ ನಿಂತಿದ್ದ. ಅವನ ಹಿಂದೆ ಇನ್ನೂ ಮೂವತ್ತು ನಲವತ್ತು ಜನ.

“ನಮ್ಮಲ್ಲಿ ತಿನ್ನಲ್ಲ ಸಣ್ಣಮ್ಮ. ನಿಮಗೆ ಗೊತ್ತಲ್ಲ.” ತನುಜಾಳ ಕೈ ತಾನಾಗಿ ಸೆರಗಿನೊಳಗೆ ಹೋಗಿ ಕೊರಳ ಲಿಂಗವನ್ನು ಮುಟ್ಟಿ ಬಂತು.

“ಗೊತ್ತು. ಒಂಬತ್ತು ವರ್ಷ ನೀವು ತಿನ್ನದ್ದನ್ನ ನಮಗೆ ಕೊಟ್ರಿ, ನಾವು ಕೇಳ್ಲಿಲ್ಲ. ಇವತ್ತು ಕೇಳ್ತಿದೀವಿ.”

“ಮಾರೋರಿಗೆ ಮಡಿ, ತಿನ್ನೋರಿಗೆ ಜ್ವರ” ಎಂದು ಹಿಂದಿನಿಂದ ಯಾರೋ ಅಂದರು. ಗುಂಪು ನಕ್ಕಿತು.

ಸುಳ್ಳಲ್ಲ. ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೇ ಯಾರೂ ಆಡುತ್ತಿರಲಿಲ್ಲ; ಅಲ್ಲಿ ಅದು ಬರೀ ‘ಮಾಲು’. ಶೆಡ್ಡಿನಿಂದ ಬಂದವರು ಮುಂಬಾಗಿಲಿಗೆ ಬರುವಂತಿಲ್ಲ, ನೇರ ಹಿತ್ತಲಿಗೆ. ಅಲ್ಲಿ ಅತ್ತೆ ಸುಭದ್ರಮ್ಮ ಬಿಸಿನೀರಿನ ಬಕೆಟ್ ಇಟ್ಟಿರುತ್ತಿದ್ದರು. ಮಿಂದು, ಸೀರೆ ಬದಲಿಸಿ, ವಿಭೂತಿ ಹಚ್ಚಿಕೊಂಡೇ ಒಳಗೆ ಕಾಲಿಡಬೇಕು. ಬಕೆಟ್ಟಿನ ಆಚೆಗೆ ಕೋಳಿ, ಈಚೆಗೆ ಪೂಜೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಎರಡೂ ಒಂದಕ್ಕೊಂದು ತಾಗಿರಲಿಲ್ಲ.

ಅವಳು ಮೊಟ್ಟೆಯನ್ನು ತೆಗೆದುಕೊಂಡಳು. ಎರಡು ಮೊಟ್ಟೆ ತಾಕಿಸಿ ಸದ್ದಿನಲ್ಲೇ ಬಿರುಕನ್ನು ಹೇಳಬಲ್ಲವಳು. ಬಲ್ಬಿನ ಮುಂದೆ ಹಿಡಿದು ಒಳಗಿನ ರಕ್ತದ ಚುಕ್ಕೆಯನ್ನು ಕಾಣಬಲ್ಲವಳು. ಸುಲಿಯುವುದು ಮಾತ್ರ ಗೊತ್ತಿರಲಿಲ್ಲ. ಉಗುರು ಹಾಕಿದಲ್ಲೆಲ್ಲ ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂತು. ಮೊದಲು ಒಬ್ಬಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

“ತನ್ನಿ ಇಲ್ಲಿ.” ಸಣ್ಣಮ್ಮ ಅದನ್ನು ಕಸಿದುಕೊಂಡಳು. ಸದ್ಯ, ನಾನು ಬದುಕಿದೆ ಎಂದುಕೊಂಡಳು ತನುಜಾ, ಒಂದು ಗಳಿಗೆ. ಸಣ್ಣಮ್ಮ ಪಾತ್ರೆಯ ಅಂಚಿಗೆ ಕುಟ್ಟಿ, ನೀರಲ್ಲಿ ಅದ್ದಿ, ಹೆಬ್ಬೆರಳಿನಲ್ಲಿ ಎರಡು ಸಲ ತಿರುವಿ ಸಿಪ್ಪೆ ಬಿಡಿಸಿ, ಮೇಲೆ ಉಪ್ಪು ಉದುರಿಸಿ, ಮತ್ತೆ ಅವಳ ಅಂಗೈಯಲ್ಲೇ ಇಟ್ಟಳು. “ಒಂದೇ ಸಲಕ್ಕೆ ನುಂಗಬೇಡಿ. ಗಂಟಲು ಹಿಡಿಯುತ್ತೆ.”

ತನುಜಾ ಕಚ್ಚಿದಳು. ಹಳದಿ ಒಣಹಿಟ್ಟಿನಂತೆ ಅಂಗುಳಕ್ಕೆ ಅಂಟಿಕೊಂಡಿತು. ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಇವರು ನಂಬುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಕೊನೆಯ ತುಣುಕಿನವರೆಗೂ ಅಗಿದು ನುಂಗಿದಳು. ಸಣ್ಣಮ್ಮ ಅವಳ ಗಂಟಲನ್ನೇ ನೋಡುತ್ತಿದ್ದವಳು ಇನ್ನೊಂದನ್ನು ಸುಲಿದು ತಾನೂ ತಿಂದಳು. ಆಮೇಲೆ ಸೈಕಲ್ಲಿನವನು ಇಳಿದು ಬಂದ.

“ನಾಳೆಗೆ ಹತ್ತು ಬೇಡ, ಐದು ಟ್ರೇ ಹಾಕಿ. ಜನ ಹೇಗೆ ಅಂತ ನೋಡೋಣ” ಎಂದಳು ಸಣ್ಣಮ್ಮ.

ಬಸ್‌ಸ್ಟ್ಯಾಂಡಿನಿಂದ ತನುಜಾ ಗಂಡನಿಗೆ ಫೋನ್ ಮಾಡಿದಳು. “ರೀ, ಗುಂಡಿಗೆ ಹಾಕ್ಬೇಡಿ. ಸಣ್ಣಮ್ಮ ತಗೋತಾಳೆ, ಅವಳನ್ನ ನೋಡಿ ಉಳಿದವರೂ ತಗೋತಾರೆ.” ಆಮೇಲೆ, ಅವನು ಕೇಳುವ ಮೊದಲೇ ಹೇಳಿದಳು: “ನಾನು ತಿಂದೆ.” ಆ ಕಡೆ ಹಾರೆಯ ಸದ್ದು ನಿಂತಿತು. ಫೋನ್ ಕಟ್ಟಾಯಿತು.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಸುದ್ದಿ ತನಗಿಂತ ಮುಂಚೆ ಬಂದಿದೆ ಎಂಬುದು ಬೀದಿಯಿಂದಲೇ ಗೊತ್ತಾಯಿತು. ಆ ಹೊತ್ತಿಗೆ ಎಂದೂ ಹಾಕದ ಮುಂಬಾಗಿಲು ಹಾಕಿತ್ತು. ಇವತ್ತಿನದು ಒಂದು ಬಕೆಟ್ ನೀರಿಗೆ ಹೋಗುವುದಲ್ಲ ಎಂದುಕೊಳ್ಳುತ್ತ ಅವಳು ಗೋಡೆ ಬಳಸಿ ಹಿತ್ತಲಿಗೆ ನಡೆದಳು.

ಬಿಸಿನೀರಿನ ಬಕೆಟ್ ಎಂದಿನ ಜಾಗದಲ್ಲೇ ಹಬೆಯಾಡುತ್ತಿತ್ತು. ಅದರ ಪಕ್ಕ ಇನ್ನೊಂದು ಬಕೆಟ್ ಖಾಲಿಯಾಗಿ ಬೋರಲು ಬಿದ್ದಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಭದ್ರಮ್ಮ ಕೂತಿದ್ದರು. ಬಿಚ್ಚಿದ ಬಿಳಿ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಉಟ್ಟ ಸೀರೆಯೂ ಒದ್ದೆ.

“ಈ ಹೊತ್ತಲ್ಲಿ ನೀವ್ಯಾಕತ್ತೆ ತಲೆಗೆ ಹಾಕ್ಕೊಂಡ್ರಿ?”

ಮುದುಕಿ ತಲೆ ಎತ್ತಲಿಲ್ಲ. “ಒಂಬತ್ತು ವರ್ಷದಿಂದ ಉಣ್ತಿದೀನಲ್ಲ,” ಎಂದರು, “ಆ ಮಾಲಿನ ದುಡ್ಡಲ್ಲೇ.”